ಮೊದಲು ಹುಡುಗಿಯ ಹತ್ತಿರ ಹೋಗಿ, ಕಮಿಟಿ ಆಮೇಲೆ

ಪ್ರಶ್ನೆ: ನಾನು ನಮ್ಮ ಸಭೆಯ (ಚರ್ಚಿನ) ಕಮಿಟಿ ಸದಸ್ಯೆ. ಅಣ್ಣನ ಮಗಳು ಅಲ್ಲೇ ಸಂಡೇ ಸ್ಕೂಲ್ ಟೀಚರ್, ಮಕ್ಕಳಿಗೆ ಅಚ್ಚುಮೆಚ್ಚು. ಕೆಲವು ತಿಂಗಳಿಂದ ಮದುವೆಯಾಗದೆ ಒಬ್ಬ ಹುಡುಗನ ಜೊತೆ ಇದ್ದಾಳೆ. ಹುಡುಗ ಸಭೆಯವನಲ್ಲ. ಭಾನುವಾರದ ಆರಾಧನೆಯಲ್ಲೇ ಹೆಸರು ಹೇಳಿ ಅವಳನ್ನು ಸದಸ್ಯತ್ವದಿಂದ ತೆಗೆಯಬೇಕು ಎಂದು ಕಮಿಟಿಯ ಅರ್ಧ ಜನ ಪಟ್ಟು ಹಿಡಿದಿದ್ದಾರೆ. ಉಳಿದವರು ‘ಕಾಲ ಬದಲಾಗಿದೆ, ಬಿಟ್ಟುಬಿಡಿ’ ಎನ್ನುತ್ತಾರೆ. ಕೆಲಸದವರ ಕೂಲಿ ಉಳಿಸಿಕೊಂಡ ಸಭೆಯ ಹಿರಿಯರೊಬ್ಬರ ಮೇಲೆ ದೂರು ಬಂದಾಗ ಇದೇ ಕಮಿಟಿ ತುಟಿ ಬಿಚ್ಚಲಿಲ್ಲ. ಮಾತಾಡಿದರೆ ಹುಡುಗಿ ಕೈತಪ್ಪುತ್ತಾಳೆ, ಸುಮ್ಮನಿದ್ದರೆ ದೇವರ ವಾಕ್ಯಕ್ಕೆ ದ್ರೋಹ. ಏನು ಮಾಡಲಿ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಕಮಿಟಿಯ ಎರಡೂ ಕಡೆಯವರ ಮಾತಿದೆ. ಆ ಹುಡುಗಿಯ ಎದುರು ಕೂತು ಯಾರಾದರೂ ಮಾತಾಡಿದರು ಎಂಬ ಒಂದು ಸಾಲೂ ಇಲ್ಲ. ಮತ್ತಾಯ 18ರ 15ನೇ ವಚನದಲ್ಲಿ ಕರ್ತನಾದ ಯೇಸು ಹೇಳಿದ ಮೊದಲ ಹೆಜ್ಜೆಯೇ ಅದು: ನೀನೂ ಅವನೂ ಇಬ್ಬರೇ ಇರುವಾಗ ಮಾತಾಡು. ತೆಗೆಯಿರಿ ಅನ್ನುವವರೂ ಬಿಡಿ ಅನ್ನುವವರೂ ಅದನ್ನು ಹಾರಿದ್ದಾರೆ. ಉಪದೇಶವನ್ನು ಕಾಪಾಡುವುದೆಂದರೆ ಕರ್ತನು ಕೊಟ್ಟ ಕ್ರಮವನ್ನೂ ಕಾಪಾಡುವುದು. ಕ್ರಮ ಮುರಿದು ಕೊಟ್ಟ ಶಿಕ್ಷೆಯಿಂದ ವಾಕ್ಯಕ್ಕೆ ಗೌರವ ಬರುವುದಿಲ್ಲ.

‘ಕಾಲ ಬದಲಾಗಿದೆ’ ಎಂಬ ಮಾತಿಗೆ ಮಣಿಯಬೇಡಿ. ಅಪೊಸ್ತಲ ಪೌಲನು ಕೊರಿಂಥದವರಿಗೆ ಪತ್ರ ಬರೆದಾಗ ಆ ಬಂದರು ನಗರದ ಗಾಳಿ ಸಭೆಯ ಕಡೆಗೇನೂ ಬೀಸುತ್ತಿರಲಿಲ್ಲ. ಸುಧಾರಿತ (ರಿಫಾರ್ಮ್ಡ್) ಸಭೆಗಳು ತಮ್ಮ ನಂಬಿಕೆಯನ್ನು ಬರೆದಿಟ್ಟ 1561ರ ಬೆಲ್ಜಿಕ್ ವಿಶ್ವಾಸ ಪ್ರಮಾಣದ 29ನೇ ವಿಧಿಯು ನಿಜವಾದ ಸಭೆಗೆ ಮೂರು ಗುರುತು ಹೇಳುತ್ತದೆ: ಶುದ್ಧ ಸುವಾರ್ತೆಯ ಬೋಧನೆ, ಸಂಸ್ಕಾರಗಳ ಸರಿಯಾದ ಆಚರಣೆ, ಪಾಪವನ್ನು ತಿದ್ದುವ ಶಿಸ್ತು. ಮೂರನೆಯದನ್ನು ಕೈಬಿಟ್ಟ ಸಭೆಯಲ್ಲಿ ಮೊದಲಿನ ಎರಡೂ ನಿಧಾನಕ್ಕೆ ಸಡಿಲವಾಗುತ್ತವೆ.

ಆದರೆ ಯುವಜನರು ನಮ್ಮ ಮಾತನ್ನು ಯಾಕೆ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಎಂದೂ ಕೇಳಿಕೊಳ್ಳಬೇಕು. ವಿಶ್ವಾಸ ಪ್ರಮಾಣದ ಸತ್ಯಗಳು ಒಂದು ಕಡೆ; ಮದುವೆ, ಪ್ರಾಮಾಣಿಕತೆಯಂಥ ನೇರ ಆಜ್ಞೆಗಳು ಇನ್ನೊಂದು ಕಡೆ; ಬಟ್ಟೆ, ಕೂದಲು, ಹಾಡಿನ ವಾದ್ಯಗಳಂಥ ರೂಢಿಗಳು ಮತ್ತೊಂದು ಕಡೆ. ಈ ಮೂರಕ್ಕೂ ಒಂದೇ ದನಿಯಲ್ಲಿ ಗದರಿದರೆ, ರೂಢಿ ಬಿದ್ದ ದಿನ ಆಜ್ಞೆಯೂ ಬಿದ್ದಂತೆ ಅವರಿಗೆ ಕಾಣುತ್ತದೆ. ಊಟ ಮತ್ತು ವಿಶೇಷ ದಿನಗಳ ವಿಷಯದಲ್ಲಿ ತೀರ್ಪು ಮಾಡಬೇಡಿ ಎಂದು ರೋಮಾಪುರದವರಿಗೆ ಬರೆದ (14ನೇ ಅಧ್ಯಾಯ) ಪೌಲನೇ ಕೊರಿಂಥದ ಅನೈತಿಕತೆಯ ವಿಷಯದಲ್ಲಿ ಕಠಿಣವಾಗಿ ಬರೆದ. ನಿಮ್ಮ ಮುಂದಿರುವ ವಿಷಯ ರೂಢಿಯದಲ್ಲ. ಹಾಗಾಗಿ ಹೋಗಿ ಮಾತಾಡಲೇಬೇಕು.

ಅತ್ತೆಯಾಗಿ ಹೋಗಿ. ‘ಕಮಿಟಿ ಕಳಿಸಿದೆ’ ಎಂಬ ಮಾತು ಬಾಯಲ್ಲಿ ಬರಬಾರದು, ಕಮಿಟಿ ಕಳಿಸಿಯೂ ಇರಬಾರದು. ಮೆಸೇಜಿನಲ್ಲಿ ವಿಷಯ ಎತ್ತಬೇಡಿ. ಬರೆದದ್ದು ನಾಲ್ಕು ಕೈಗೆ ಹೋಗುತ್ತದೆ, ದನಿ ಮಾತ್ರ ಹೋಗುವುದಿಲ್ಲ. ಅಣ್ಣ ಅತ್ತಿಗೆಯನ್ನು ಜೊತೆಗೆ ಕರೆದೊಯ್ದರೆ ಅದು ಪಂಚಾಯಿತಿ ಆಗುತ್ತದೆ. ಅವಳು ಬೇಕೆಂದಾಗ ಎದ್ದು ಹೋಗಬಹುದಾದ ಜಾಗದಲ್ಲಿ ಕೂತುಕೊಳ್ಳಿ.

ಮೊದಲು ಕೇಳಿ: ಮದುವೆಯ ಯೋಚನೆ ಇದೆಯಾ? ಇದ್ದರೆ ತಡೆಯುತ್ತಿರುವುದು ಏನು? ಮನೆಯವರ ವಿರೋಧ, ಖರ್ಚಿನ ಭಯ, ಹುಡುಗನ ಹಿಂದಿನ ಮದುವೆ ಕಾನೂನಿನಲ್ಲಿ ಮುಗಿಯದಿರುವುದು, ಮದುವೆಯ ಬಗ್ಗೆಯೇ ನಂಬಿಕೆ ಹೋಗಿರುವುದು – ಪ್ರತಿಯೊಂದಕ್ಕೂ ದಾರಿ ಬೇರೆ. ಖರ್ಚೇ ತಡೆಯಾಗಿದ್ದರೆ ಸಭೆಯೇ ಸರಳವಾಗಿ ಮದುವೆ ನಡೆಸಿಕೊಡಲು ಮುಂದಾಗಬೇಕು. ಆ ಮನೆಯಲ್ಲಿ ಅವಳು ಕ್ಷೇಮವಾಗಿದ್ದಾಳಾ ಎಂಬುದನ್ನೂ ಕೇಳಿ. ಹೊಡೆತ, ಬೆದರಿಕೆ ಇದ್ದರೆ ಶಿಸ್ತಿನ ಮಾತು ಅಲ್ಲಿಗೇ ನಿಲ್ಲಲಿ, ಅವಳ ರಕ್ಷಣೆಯ ಕೆಲಸ ಶುರುವಾಗಲಿ.

ಕೇಳಿಸಿಕೊಂಡ ಮೇಲೆ ಹೇಳಬೇಕಾದ್ದನ್ನು ನೀರು ಬೆರೆಸದೆ ಹೇಳಿ: ಇದು ದೇವರು ಮದುವೆಯೊಳಗೆ ಇಟ್ಟದ್ದು, ಹೀಗಿರುವುದು ತಪ್ಪು, ನೀನು ಮರಳಬೇಕೆಂದು ನನ್ನ ಆಸೆ. ಗಲಾತ್ಯ 6:1 ಹೇಳುವ ಶಾಂತಭಾವ ದನಿಯಲ್ಲಿರಲಿ. ಅಂದೇ ಉತ್ತರ ಕೊಡು ಎನ್ನಬೇಡಿ. ಕೆಲವು ವಾರ ಬಿಟ್ಟು ಮತ್ತೆ ಹೋಗಿ. ಒಂದೇ ಭೇಟಿಗೆ ಈ ಹೆಜ್ಜೆ ಮುಗಿಯಿತೆಂದು ವಚನದಲ್ಲಿಲ್ಲ. ಆ ಹುಡುಗನನ್ನು ವಿಚಾರಿಸುವ ಅಧಿಕಾರ ಸಭೆಗಿಲ್ಲ, ಹೊರಗಿನವರ ತೀರ್ಪು ದೇವರದು ಎಂದು 1 ಕೊರಿಂಥ 5ರ ಕೊನೆಯಲ್ಲಿ ಸ್ಪಷ್ಟವಾಗಿದೆ. ಇಷ್ಟರ ಮಧ್ಯೆ ಸಭಾಪಾಲಕರು ಮುಂದಿನ ಭಾನುವಾರವೇ ಇದೇ ವಿಷಯದ ಪ್ರಸಂಗ ಇಡದಂತೆ ನೋಡಿಕೊಳ್ಳಿ. ಹೆಸರು ಹೇಳದೆ ಪೀಠದಿಂದ ಬೈದರೆ ಯಾರಿಗೆ ಎಂಬುದು ಇಡೀ ಸಭೆಗೆ ಗೊತ್ತಾಗುತ್ತದೆ.

ಸೇವೆ, ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ), ಸದಸ್ಯತ್ವ – ಈ ಮೂರು ಬೇರೆ ಬೇರೆ. ಕಮಿಟಿಗಳು ಎಡವುವುದು ಮೂರನ್ನೂ ಒಂದೇ ಠರಾವಿನಲ್ಲಿ ತುರುಕಿದಾಗ. ಬೋಧಕರಿಗೆ ಹೆಚ್ಚಿನ ತೀರ್ಪು ಎಂದು ಯಾಕೋಬ 3:1 ಹೇಳುವುದರಿಂದ, ಪಾಠ ಹೇಳುವುದನ್ನು ಸದ್ಯಕ್ಕೆ ನಿಲ್ಲಿಸುವುದು ನ್ಯಾಯವೇ. ಅವಳಾಗಿಯೇ ಬಿಡುವು ತೆಗೆದುಕೊಳ್ಳುವಂತೆ ಮೊದಲ ಮಾತುಕತೆಗಳಲ್ಲೇ ಕೇಳಿ. ಮಕ್ಕಳಿಗೆ ‘ಟೀಚರ್ ಸ್ವಲ್ಪ ಕಾಲ ಬರುವುದಿಲ್ಲ’ ಎಂದರೆ ಸಾಕು. ಭೋಜನ, ಸದಸ್ಯತ್ವದ ಪ್ರಶ್ನೆಗಳು ಇನ್ನೂ ಬಂದಿಲ್ಲ.

ಅವಳು ಒಪ್ಪದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗುವುದು ಎರಡನೇ ಹೆಜ್ಜೆ. ಇಬ್ಬರು ಮೂವರು ಸಾಕ್ಷಿಗಳು ಎಂಬ ಸಂಖ್ಯೆ ಧರ್ಮೋಪದೇಶಕಾಂಡ 19:15ರದು; ಆರೋಪ ಹೊತ್ತವರ ರಕ್ಷಣೆಗೆಂದು ಇಟ್ಟದ್ದು. ಹೋದವರು ನಿಮ್ಮ ಮಾತನ್ನೂ ತೂಗಬೇಕು, ನೀವು ಮೀರಿದ್ದರೆ ನಿಮ್ಮನ್ನೂ ತಡೆಯಬೇಕು. ಹಾಗಾಗಿ ಅವಳು ನಂಬುವ ಒಬ್ಬ ಹೆಂಗಸಾದರೂ ಅದರಲ್ಲಿರಲಿ. ಸುದ್ದಿ ಹೊರುವವರು ಬೇಡವೇ ಬೇಡ. ದಿನಾಂಕ, ಇದ್ದವರು, ಒಪ್ಪಿದ್ದು, ಒಪ್ಪದ್ದು ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಸಭಾಪಾಲಕರ ಬಳಿ ಇಡಿ. ಮುಂದೆ ‘ಯಾರೂ ಹೇಳಲೇ ಇಲ್ಲ’, ‘ಹತ್ತು ಸಲ ಹೇಳಿದೆವು’ ಎಂಬ ಜಗಳ ಬಂದಾಗ ಅದೇ ಆಧಾರ.

ಸಭೆಗೆ ತಿಳಿಸುವ ಹಂತ ಬಂದರೂ ಭಾನುವಾರದ ಆರಾಧನೆ ಅದಕ್ಕೆ ಜಾಗವಲ್ಲ. ಅಲ್ಲಿ ಮಕ್ಕಳೂ ಹೊಸಬರೂ ಇರುತ್ತಾರೆ. ಸದಸ್ಯರ ಕೂಟ ಕರೆದು ಒಂದೆರಡು ವಾಕ್ಯದಲ್ಲಿ ಹೇಳಿ, ವಿವರ ಬೇಡ. ಅವಳು ಅಲ್ಲಿಗೆ ಬಂದು ಮಾತಾಡಲು ಅವಕಾಶ ಇರಲಿ. ಸಭೆಯ ಮಾತನ್ನೂ ಕೇಳದಿದ್ದರೆ ಅನ್ಯನಂತೆ, ಸುಂಕದವನಂತೆ ಎಣಿಸು ಎಂದ ಕರ್ತನೇ ಸುಂಕದವರ ಮನೆಯಲ್ಲಿ ಊಟಕ್ಕೆ ಕೂತವನು. ಕರ್ತನ ಭೋಜನದಿಂದ ಅವಳನ್ನು ದೂರ ಇಟ್ಟ ದಿನವೂ ನಿಮ್ಮ ಮನೆಯ ಬಾಗಿಲು, ಫೋನು ತೆರೆದಿರಲಿ. ವೈರಿಯೆಂದು ಎಣಿಸದೆ ಸಹೋದರನೆಂದು ಬುದ್ಧಿಹೇಳಿ ಎಂಬುದು 2 ಥೆಸಲೊನೀಕ 3:15.

ನಮ್ಮ ಸಭೆಗಳು ಅತಿ ಹೆಚ್ಚು ಸೋಲುವುದು ಮರಳುವ ದಾರಿಯಲ್ಲಿ. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪರ ಮಹಾಸಭೆ ತನ್ನ 11ನೇ ನಿಯಮದಲ್ಲಿ, ಬಲವಂತವಿಲ್ಲದೆ ವಿಶ್ವಾಸ ಬಿಟ್ಟಿದ್ದವರಿಗೆ 3 ವರ್ಷ ಕೇಳುಗರಾಗಿ, 7 ವರ್ಷ ಸಾಷ್ಟಾಂಗ ಬೀಳುವವರ ಸಾಲಿನಲ್ಲಿ, 2 ವರ್ಷ ಭೋಜನವಿಲ್ಲದೆ ಪ್ರಾರ್ಥನೆಯಲ್ಲಿ ಮಾತ್ರ ಸೇರುವಂತೆ ಗೊತ್ತುಮಾಡಿತು. ಅಷ್ಟು ಕಾಲ ಕಾಯಿಸಿ ಎಂದು ನಾವು ಹೇಳುವುದಿಲ್ಲ. ಆದರೆ ಆ ಕಠಿಣ ನಿಯಮದಲ್ಲೂ ದಾರಿ ಎಲ್ಲಿ ಮುಗಿಯುತ್ತದೆಂದು ಪ್ರಾಯಶ್ಚಿತ್ತ ಹಿಡಿದವನಿಗೆ ಗೊತ್ತಿತ್ತು. ಇಂದಿನ ಎಷ್ಟೋ ಠರಾವುಗಳಲ್ಲಿ ಅದೇ ಇರುವುದಿಲ್ಲ. ಏನು ಮಾಡಿದರೆ ಮತ್ತೆ ಸೇರಿಸಿಕೊಳ್ಳುತ್ತೀರಿ ಎಂಬುದನ್ನು ಶಿಸ್ತಿನ ಪತ್ರದಲ್ಲೇ ಬರೆಯಿರಿ. ಮರಳಿದಾಗ, ಮೊದಲು ಯಾವ ಕೂಟಕ್ಕೆ ತಿಳಿಸಿದ್ದಿರೋ ಅದೇ ಕೂಟದ ಮುಂದೆ ಅವಳನ್ನು ಸ್ವಾಗತಿಸಿ. ಅತಿ ದುಃಖದಲ್ಲಿ ಮುಳುಗಿಹೋಗದಂತೆ ಕ್ಷಮಿಸಿ, ಸಂತೈಸಿ ಎಂದು ಪೌಲನು 2 ಕೊರಿಂಥ 2ರಲ್ಲಿ ಬೇಡಿಕೊಂಡಿದ್ದಾನೆ.

ಇನ್ನು ಆ ಹಿರಿಯರ ವಿಷಯ. ಹಿಡಿದಿಟ್ಟ ಕೂಲಿ ಕೂಗುತ್ತದೆ ಎಂದು ಯಾಕೋಬ 5:4ರಲ್ಲಿದೆ. ಹಿರಿಯರ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳಿರಬೇಕು, ಪಾಪದಲ್ಲೇ ಮುಂದುವರಿದರೆ ಎಲ್ಲರ ಮುಂದೆ ಗದರಿಸಬೇಕು, ಪಕ್ಷಪಾತ ಮಾಡಬಾರದು ಎಂದು 1 ತಿಮೊಥೆಯ 5:19–21ರಲ್ಲಿದೆ. ಹುಡುಗಿಗೆ ಒಂದು ನ್ಯಾಯ, ಹಿರಿಯರಿಗೆ ಒಂದು ನ್ಯಾಯ ಎಂದಾದರೆ ಅವಳು ನಿಮ್ಮ ಮಾತನ್ನು ಯಾಕೆ ಕೇಳಬೇಕು? ಸಾಕ್ಷಿಗಳಿದ್ದರೆ ಆ ದೂರನ್ನು ಮತ್ತೆ ಎತ್ತಿಸಿ, ಇದಕ್ಕಿಂತ ಮೊದಲೇ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಮಕ್ಕಳ ಮೇಲಿನ ದೌರ್ಜನ್ಯ, ಅತ್ಯಾಚಾರದಂಥ ಅಪರಾಧಗಳಲ್ಲಿ ‘ಇಬ್ಬರೇ ಇರುವಾಗ ಮಾತಾಡು’ ಎಂದು ನೊಂದವರನ್ನು ಅಪರಾಧಿಯ ಬಳಿ ಕಳಿಸಲೇಬಾರದು. ಅಲ್ಲಿ ಮೊದಲು ಪೊಲೀಸರು.

ಮುಂದಿನ ಕಮಿಟಿ ಕೂಟದಲ್ಲಿ ‘ಮೊದಲ ಹೆಜ್ಜೆ ಆಗಿಲ್ಲ, ಠರಾವನ್ನು ತಡೆಹಿಡಿಯಿರಿ’ ಎಂದು ಬರಹದಲ್ಲಿ ಕೊಡಿ. ಅವಳ ಹತ್ತಿರದ ಸಂಬಂಧಿಯಾದ್ದರಿಂದ ಮುಂದೆ ಅವಳ ಬಗ್ಗೆ ಮತ ಹಾಕುವುದಿಲ್ಲ ಎಂಬುದನ್ನೂ ಅದರಲ್ಲೇ ಸೇರಿಸಿ. ಇಷ್ಟೆಲ್ಲ ಆದ ಮೇಲೂ ಅವಳು ಬೇರೆ ಸಭೆಗೆ ಹೋಗಬಹುದು. ಆಗ ಅಲ್ಲಿನ ಪಾಲಕರು ಕೇಳಿದರೆ ನಡೆದದ್ದನ್ನಷ್ಟೇ ನಿಮ್ಮ ಸಭಾಪಾಲಕರು ತಿಳಿಸಲಿ, ಬೇರೆ ಯಾರೂ ಅಲ್ಲ. ನೀವು ಅತ್ತೆಯಾಗಿ ಅವಳನ್ನು ನೋಡಲು ಹೋಗುವುದನ್ನು ನಿಲ್ಲಿಸಬೇಡಿ.