ಹೆದರಿದಾಗ ಮಾತ್ರ ದೇವರನ್ನು ನೆನೆಯುವುದು ತಪ್ಪೇ? ನಂಬಿದರೆ ನಿಜಕ್ಕೂ ನೆರವು ಸಿಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂದೆಯವರ ಕಾಯಿಲೆ, ಅದರ ಬೆನ್ನಿಗೇ ಬಂದ ಸಾಲ, ಇವೆರಡರ ನಡುವೆ ರಾತ್ರಿ ನಿದ್ದೆ ಹತ್ತುತ್ತಿಲ್ಲವೆಂದು ಬರೆದಿದ್ದೀರಿ. ಎಲ್ಲ ಸರಿಯಿದ್ದಾಗ ಗುಡಿಯ ಮೆಟ್ಟಿಲು ತುಳಿಯದವರು ಈಗ ದೇವರನ್ನು ಕರೆಯುವುದು ಸ್ವಾರ್ಥವೆನ್ನಿಸುತ್ತದೆ ಎಂದಿದ್ದೀರಿ. ನಂಬಿದರೆ ನಿಜಕ್ಕೂ ನೆರವು ಸಿಗುತ್ತದೆಯೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ನಾನು ಶಿರಸಿ ತಾಲೂಕಿನ ಒಂದು ಹಳ್ಳಿಯ ಅಡಿಕೆ ಬೆಳೆಗಾರ. ಶಾಸ್ತ್ರ ಓದಿದವನಲ್ಲ. ಆದರೆ ಭಯದಲ್ಲಿ ಕೈಮುಗಿದು ಬೇಡಿಕೊಂಡದ್ದು ಒಮ್ಮೆ ಸಿಕ್ಕಿದೆ, ಇನ್ನೊಮ್ಮೆ ಸಿಕ್ಕಿಲ್ಲ. ಎರಡನ್ನೂ ಹೇಳದೆ ನಿಮಗೆ ಉತ್ತರಿಸುವುದು ಸರಿಯಾಗದು.

ಸ್ವಾರ್ಥದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ, ಏಕೆಂದರೆ ಅದಕ್ಕೆ ಹಿರಿಯರು ಎಂದೋ ಉತ್ತರ ಕೊಟ್ಟಿದ್ದಾರೆ. ಭಗವದ್ಗೀತೆಯ ಏಳನೆಯ ಅಧ್ಯಾಯದಲ್ಲಿ ಕೃಷ್ಣ ತನ್ನನ್ನು ಭಜಿಸುವ ನಾಲ್ಕು ಬಗೆಯವರನ್ನು ಹೆಸರಿಸುವಾಗ ಮೊದಲು ಬರುವವನು ಆರ್ತ, ಅಂದರೆ ಸಂಕಟದಲ್ಲಿ ಸಿಕ್ಕವನು. ತಿಳಿಯಬಯಸುವ ಜಿಜ್ಞಾಸು, ಸಂಪತ್ತು ಬಯಸುವ ಅರ್ಥಾರ್ಥಿ, ಜ್ಞಾನಿ ಆಮೇಲೆ. ಜ್ಞಾನಿಯೇ ಹೆಚ್ಚಿನವನೆಂದು ಮುಂದಿನ ಶ್ಲೋಕದಲ್ಲಿ ಹೇಳಿದರೂ, ಇವರೆಲ್ಲರೂ ಉದಾರರೇ, ಅಂದರೆ ಶ್ರೇಷ್ಠರೇ ಎಂದು ಕೂಡಲೇ ಸೇರಿಸುತ್ತಾನೆ. ಭಾಗವತದ ಗಜೇಂದ್ರನನ್ನೇ ನೋಡಿ. ಮೊಸಳೆ ಕಾಲು ಹಿಡಿದ ಮೇಲೆ ಸಾವಿರ ವರ್ಷ ತನ್ನ ಬಲದಿಂದಲೇ ಎಳೆದಾಡಿ, ಹಿಂಡಿನ ಆನೆಗಳೂ ಎಳೆದು ಸೋತ ಮೇಲೆಯೇ ಅವನು ಸೊಂಡಿಲಿನಲ್ಲಿ ಕಮಲವನ್ನೆತ್ತಿ ವಿಷ್ಣುವನ್ನು ಕರೆದದ್ದು. ಇಷ್ಟು ದಿನ ನೆನಪಾಗದವನು ಈಗೇಕೆ ನೆನಪಾದೆನೆಂದು ಬಂದವನು ಕೇಳಲಿಲ್ಲ. ಹಾಗಿರುವಾಗ ನಿಮ್ಮನ್ನು ನೀವೇ ಏಕೆ ಕೇಳಿಕೊಳ್ಳುತ್ತೀರಿ?

ನೆರವಿನ ಪ್ರಶ್ನೆ ಇಷ್ಟು ಸುಲಭದ್ದಲ್ಲ.

2019ರ ಆಗಸ್ಟ್ ಮೊದಲ ವಾರದ ಮಳೆ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಮೂರು ದಿನದಿಂದ ಕರೆಂಟ್ ಇರಲಿಲ್ಲ, ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ತೋಟದ ಕೆಳಗಿನ ಹಳ್ಳ ಕಾಲುಸಂಕದ ಮೇಲೆ ಹರಿಯುತ್ತಿತ್ತು. ಅಂಥ ಒಂದು ರಾತ್ರಿ ಆಯಿಗೆ, ಅಂದರೆ ನನ್ನ ತಾಯಿಗೆ, ಎದೆನೋವು ಬಂತು. ಪಕ್ಕದ ಮನೆಯವರ ಜೀಪಿನಲ್ಲಿ ಹೊರಟರೆ ಅರ್ಧ ಮೈಲಿಯಲ್ಲೇ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡನನ್ನು ಎಬ್ಬಿಸಿ ಕರೆತಂದು, ಬ್ಯಾಟರಿ ಬೆಳಕಿನಲ್ಲಿ ಮರ ಕಡಿದು ದಾರಿ ಮಾಡಿಕೊಂಡು ಪೇಟೆ ಸೇರುವಾಗ ಎರಡು ತಾಸು ಕಳೆದಿತ್ತು. ಅಲ್ಲಿ ನೋಡಿದ ವೈದ್ಯರು ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಹುಬ್ಬಳ್ಳಿ ಇಲ್ಲಿಂದ ಸುಮಾರು 100 ಕಿಲೋಮೀಟರ್. ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಗೋವಾಕ್ಕೋ ಓಡಬೇಕಾದ ಜಿಲ್ಲೆ ನಮ್ಮದು. ಇಲ್ಲಿ ಕಾಯಿಲೆಗಿಂತ ದಾರಿಯೇ ಹೆಚ್ಚು ಹೆದರಿಸುತ್ತದೆ.

ಆ ದಾರಿಯಲ್ಲಿ ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ, ಆಯಿಯ ಬಾಯಿಗೆ ಹಿಡಿದ ನೀರು ಅವಳ ಸೆರಗಿನ ಮೇಲೆ ಚೆಲ್ಲಿತು. ನೋವಿನಲ್ಲಿದ್ದವಳೇ ಕಣ್ಣು ತೆರೆದು, ‘ಹೆದ್ರಡ ತಮಾ’, ಹೆದರಬೇಡ ಮಗನೇ, ಎಂದಳು. ಆಗ ನಾನು ಶಿರಸಿಯ ದೇವಿ ಮಾರಿಕಾಂಬೆಯನ್ನು ನೆನೆದೆ. ಮಂತ್ರವಿಲ್ಲ, ಸ್ತೋತ್ರವಿಲ್ಲ, ‘ಇನ್ನು ನನ್ನಿಂದಾಗದು, ನೀನು ನೋಡಿಕೊ’ ಎಂದಷ್ಟೇ. ಜೊತೆಗೆ, ಸುಳ್ಳು ಹೇಳಬಾರದು, ಜಾತ್ರೆಯಲ್ಲಿ ಉಡಿ ತುಂಬಿಸುತ್ತೇನೆಂಬ ಹರಕೆಯನ್ನೂ ಸೇರಿಸಿದೆ. ಮಳೆ ನಿಲ್ಲಲಿಲ್ಲ, ರಸ್ತೆ ಹತ್ತಿರವಾಗಲಿಲ್ಲ. ಆದರೆ ಕೈಯ ನಡುಕ ನಿಂತಿತು. ಆಯಿಯ ನಾಡಿ ಹಿಡಿದು ಎಣಿಸಲು, ಡ್ರೈವರನಿಗೆ ಹೊಂಡ ತಪ್ಪಿಸಲು ಹೇಳಲು, ಆಸ್ಪತ್ರೆಯಲ್ಲಿ ಯಾವ ಕಾಗದ ಬೇಕಾದೀತೆಂದು ಯೋಚಿಸಲು ನನಗೆ ಸಾಧ್ಯವಾಯಿತು. ಆಯಿ ಉಳಿದಳು. 2020ರ ಮಾರ್ಚಿನ ಜಾತ್ರೆಯಲ್ಲಿ ಅವಳ ಕೈಯಿಂದಲೇ ಉಡಿ ತುಂಬಿಸಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಹಳ್ಳಿಕಟ್ಟೆಯ ಮೇಲೆ ಹೇಳುವ ಮಹಿಮೆಯ ಕಥೆಯಾಗುತ್ತಿತ್ತು. 2021ರ ಮೇ ತಿಂಗಳಲ್ಲಿ ನನ್ನ ತಮ್ಮ ಕೊರೊನಾದಿಂದ ಆಸ್ಪತ್ರೆ ಸೇರಿದ. ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದ. ಆ ಹನ್ನೊಂದು ದಿನ ನಾನು ಬೇಡಿಕೊಂಡಷ್ಟು ಹಿಂದೆಂದೂ ಬೇಡಿಕೊಂಡಿರಲಿಲ್ಲ. ದೇವರ ಮುಂದೆ ಕಾಯಿ ತೆಗೆದಿಟ್ಟೆವು, ಆಯಿ ಮತ್ತೆ ಉಡಿಯ ಹರಕೆ ಹೊತ್ತಳು. ಅವನು ಉಳಿಯಲಿಲ್ಲ. ಹೆಚ್ಚು ಬೇಡಿದ್ದಕ್ಕೆ ಕಡಿಮೆ ಸಿಕ್ಕಿತು ಎಂಬ ಲೆಕ್ಕ ನನ್ನ ತಲೆಯಲ್ಲಿ ಬಹಳ ದಿನ ಕುಳಿತಿತ್ತು. ಆಗ ನೆನಪಾಗುತ್ತಿದ್ದುದು ಕೂರ್ಮಗಡ. ಕಾರವಾರದ ಕಡಲಿನ ಆ ನಡುಗಡ್ಡೆಯಲ್ಲಿ ಪುಷ್ಯ ಹುಣ್ಣಿಮೆಗೆ ನರಸಿಂಹನ ಜಾತ್ರೆ ನಡೆಯುತ್ತದೆ. 2019ರ ಜನವರಿ 21ರಂದು ಜಾತ್ರೆಗೆ ಹೋದವರ ದೋಣಿಯೊಂದು ಮಗುಚಿ ಮಕ್ಕಳೂ ಸೇರಿ 16 ಮಂದಿ ತೀರಿಕೊಂಡರು. ಅವರ ಭಕ್ತಿಯಲ್ಲಿ ಕೊರತೆಯಿತ್ತೆಂದು ಹೇಳುವ ನಾಲಿಗೆ ಯಾರಿಗಾದರೂ ಇದ್ದರೆ ಅದು ನನಗೆ ಬೇಡ. ನಂಬಿದವನಿಗೆ ಕೆಟ್ಟದ್ದು ಆಗುವುದಿಲ್ಲ ಎಂಬ ಮಾತನ್ನು ಅಂದಿನಿಂದ ನಾನು ಯಾರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಹಾಗಾದರೆ ನಂಬಿಕೆ ಎಂದರೇನು ಉಳಿಯಿತು? ಶರಣಾಗತಿಗೆ ಆರು ಅಂಗಗಳನ್ನು ವೈಷ್ಣವ ಆಚಾರ್ಯರು ಹೇಳುತ್ತಾರೆ. ಕಾಪಾಡುತ್ತಾನೆಂಬ ವಿಶ್ವಾಸ ಅವುಗಳಲ್ಲಿ ಒಂದು. ಕಾಪಾಡೆಂದು ಬಾಯಿಬಿಟ್ಟು ಕೇಳಿಕೊಳ್ಳುವುದು ಇನ್ನೊಂದು. ತನ್ನ ಕೈಲಾಗದೆಂದು ಒಪ್ಪಿಕೊಳ್ಳುವ ಕಾರ್ಪಣ್ಯ ಮತ್ತೊಂದು. ಜೀಪಿನಲ್ಲಿ ನನಗೆ ಅರಿವಿಲ್ಲದೆ ಬಂದದ್ದು ಈ ಕೊನೆಯದೇ ಇರಬೇಕು. ಅಜ್ಜನ ಕಾಲದಲ್ಲಿ ಘಟ್ಟದ ಕಾಲುದಾರಿಯಲ್ಲಿ ತಲೆಹೊರೆ ಇಳಿಸಿಕೊಳ್ಳಲೆಂದು ಆಳೆತ್ತರದ ಕಲ್ಲುಗಳನ್ನು ನಿಲ್ಲಿಸುತ್ತಿದ್ದರಂತೆ. ಇಳಿಸಲು, ಮತ್ತೆ ಹೊತ್ತುಕೊಳ್ಳಲು ಇನ್ನೊಬ್ಬರ ಕೈ ಬೇಕಾಗದಿರಲೆಂದು. ಮೂಟೆಯನ್ನು ಮನೆ ಮುಟ್ಟಿಸುವ ಕೆಲಸ ಕಲ್ಲಿನದ್ದಲ್ಲ, ಉಸಿರು ತಿರುಗಿದ ಮೇಲೆ ಹೊತ್ತವನೇ ಹೊರಬೇಕು. ತಮ್ಮ ಹೋದ ರಾತ್ರಿಯೂ ನನಗೆ ಹಾಗೆ ಇಳಿಸಿಕೊಳ್ಳಲು ಒಂದು ಜಾಗವಿತ್ತು. ಅದನ್ನು ನೆರವು ಎನ್ನಬಹುದೋ ಇಲ್ಲವೋ ನೀವೇ ತೀರ್ಮಾನಿಸಿ. ನಾನು ನೆರವೆಂದೇ ಎಣಿಸುತ್ತೇನೆ, ಆದರೆ ಅದು ನಾನು ಕೇಳಿದ ನೆರವಲ್ಲ ಎಂಬುದನ್ನೂ ಮರೆತಿಲ್ಲ.

ನಿಮ್ಮ ಪರಿಸ್ಥಿತಿಯ ಬಗ್ಗೆ ಒಂದೆರಡು ಮಾತು. ಅಂಜಿದವರ ಮೇಲೆ ಕಪ್ಪೆ ಎಸೆಯುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಗ್ರಹದೋಷ, ಮಾಟ ಎಂದು ಹೇಳಿ ಸಾವಿರಗಟ್ಟಲೆ ಕೇಳುವವರ ಬಳಿ ಸಾಲದಲ್ಲಿರುವ ನೀವು ದಯವಿಟ್ಟು ಹೋಗಬೇಡಿ. ಸಾಲದ ಕಾಗದಗಳನ್ನು ಹಿಡಿದು ಬ್ಯಾಂಕಿನವರೆದುರು ಕುಳಿತು ಮಾತನಾಡುವುದು ಯಾವ ಶಾಂತಿಹೋಮಕ್ಕಿಂತಲೂ ಮೊದಲು ಆಗಬೇಕಾದ ಕೆಲಸ, ಮತ್ತು ಆ ಕುರ್ಚಿಯವರೆಗೆ ಹೋಗುವ ಧೈರ್ಯವನ್ನು ದೇವರಲ್ಲಿ ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ. ನಿದ್ದೆಯಿಲ್ಲದ ರಾತ್ರಿಗಳು ಹೀಗೇ ಮುಂದುವರಿದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ದೇವರನ್ನು ನಂಬುವವನು ಗುಳಿಗೆ ನುಂಗಬಾರದೆಂದು ಯಾರೂ ಬರೆದಿಟ್ಟಿಲ್ಲ.

ಆಯಿಯ ಎರಡನೆಯ ಹರಕೆಯ ಮಾತು ಉಳಿಯಿತು. 2022ರ ಮಾರ್ಚಿನಲ್ಲಿ ಮತ್ತೆ ಜಾತ್ರೆ ಬಂದಾಗ, ಈ ಸಲ ಉಡಿ ತುಂಬುವ ಪ್ರಶ್ನೆಯೇ ಇಲ್ಲವೆಂದು ನಾನು ಎಣಿಸಿದ್ದೆ, ಬೇಡಿದ್ದು ನಡೆಯಲಿಲ್ಲವಲ್ಲ. ಆಯಿ ಮಾತ್ರ ಹಿಂದಿನ ದಿನವೇ ರವಿಕೆಕಣ, ಅಕ್ಕಿ, ಕಾಯಿ, ಹಸಿರು ಬಳೆಗಳನ್ನು ಚೀಲದಲ್ಲಿ ಜೋಡಿಸಿಟ್ಟಿದ್ದಳು. ಜಾತ್ರೆಯಲ್ಲಿ ದೇವಿಯನ್ನು ಕೂರಿಸುವ ಬಿಡಕಿಬೈಲಿನ ಗದ್ದುಗೆಯ ಮುಂದಿನ ಸಾಲಿನಲ್ಲಿ ಮೂರು ತಾಸು ಬಿಸಿಲಿನಲ್ಲಿ ನಿಂತಳು. ಕುಳಿತುಕೊ ಎಂದರೆ ಕೇಳಲಿಲ್ಲ. ಉಡಿ ಒಪ್ಪಿಸಿ ದೇವಿಯ ಮುಖ ನೋಡುತ್ತ ತುಸು ಹೊತ್ತು ಏನೋ ಗೊಣಗಿಕೊಂಡಳು. ಹಿಂದಿನಿಂದ ಜನ ನೂಕುತ್ತಿದ್ದರು. ಹೊರಗೆ ಬಂದ ಮೇಲೆ, ಏನು ಬೇಡಿಕೊಂಡೆ ಎಂದು ಕೇಳಿದೆ.

‘ಕೇಳದು ಎಂತೂ ಇತ್ತಿಲ್ಲೆ. ಬೈದು ಬಂದಿ’ ಎಂದಳು. ಆಮೇಲೆ, ತಮ್ಮನ ಮಗಳಿಗೆಂದು ಬೆಂಡು ಬತ್ತಾಸು ಕೊಳ್ಳಲು ಅಂಗಡಿಸಾಲಿನ ಕಡೆಗೆ ನನಗಿಂತ ಮುಂದಾಗಿ ನಡೆದಳು.