ಹಾರಿತ್ ಮತ್ತು ಮುಂದಿರ್ ಕಥೆ ಕಳಿಸಿದವರಿಗೆ

ನಮಸ್ಕಾರ. ನಿಮ್ಮ ಕಥೆ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆರನೇ ಶತಮಾನದ ಇಬ್ಬರು ಅರಬ್ ದೊರೆಗಳು, ಘಸ್ಸಾನಿ ವಂಶದ ಹಾರಿತ್ ಮತ್ತು ಈಗಿನ ಇರಾಕಿನ ಹೀರಾ ಆಳಿದ ಲಖ್ಮಿ ವಂಶದ ಮುಂದಿರ್, ಇವರ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಆ ಖುಷಿಗೆ ಎರಡು ಸಲ ಓದಿದೆ. ಎರಡನೇ ಸಲ ಸಿಟ್ಟು ಬಂತು.

ಮೂರನೇ ಸಾಲು: ‘ಹಾರಿತ್‌ನ ಸೇನೆಯ ಮೇಲೆ ಅರ್ಧಚಂದ್ರದ ಹಸಿರು ಬಾವುಟ ಹಾರಿತು.’ ಇದು 554ರ ಯುದ್ಧ. ಪ್ರವಾದಿ ಮುಹಮ್ಮದರು ಇನ್ನೂ ಹುಟ್ಟಿರಲಿಲ್ಲ. ಹಾರಿತ್ ಕ್ರೈಸ್ತ, ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಪರ ಕಾದಿದವನು. ಮುಂದಿರ್ ಪರ್ಷಿಯಾದ ಕಡೆಯವನು. ಅರಬರು ಅಂದ ಕೂಡಲೇ ಹಸಿರು ಬಾವುಟ ಎತ್ತಿಬಿಟ್ಟರೆ ಹೇಗೆ?

ಎರಡನೇ ಪುಟ: ‘ಇಬ್ಬರದೂ ಹುಟ್ಟುವೈರ.’ ಸುಮ್ನೆ ಹೀಗೆ ಬರೆದು ಮುಂದೆ ಹೋಗಬೇಡಿ. ಜಗಳ ಯಾವುದಕ್ಕೆ ಅಂತ ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ. ಸಿರಿಯಾದ ಪಾಲ್ಮೈರಾ ನಗರದ ದಕ್ಷಿಣಕ್ಕೆ ಸ್ಟ್ರಾಟಾ ಎಂಬ ನೆಲ. ಒಂದು ಮರವಿಲ್ಲ, ಬೆಳೆಯಿಲ್ಲ, ಒಂದಷ್ಟು ಕುರಿ ಮೇಯಬಹುದು ಅಷ್ಟೇ. ಸ್ಟ್ರಾಟಾ ಅಂದರೆ ಲ್ಯಾಟಿನ್‌ನಲ್ಲಿ ಕಲ್ಲು ಹಾಸಿದ ದಾರಿ, ಹಾಗಾಗಿ ಇದು ರೋಮನ್ನರದ್ದು ಎಂದು ಹಾರಿತ್‌ನ ವಾದ. ಹೆಸರು ಕಟ್ಟಿಕೊಂಡು ಏನಾಗಬೇಕು, ಕುರಿಯವರು ಮೊದಲಿನಿಂದ ಹುಲ್ಲುಗಾವಲಿನ ಸುಂಕ ಕೊಡುತ್ತಿರುವುದು ನನಗೆ ಎಂದು ಮುಂದಿರ್. 540ರಲ್ಲಿ ಎರಡು ಸಾಮ್ರಾಜ್ಯಗಳು ಯುದ್ಧಕ್ಕಿಳಿಯಲು ಇದೂ ಒಂದು ನೆಪವಾಯಿತು. ಇಷ್ಟು ಒಳ್ಳೆಯ ಜಗಳ ಕೈಯಲ್ಲಿದ್ದೂ ಬಿಟ್ಟಿರಲ್ಲ!

ಇನ್ನೊಂದು ಸಾಲು: ‘ಹಾರಿತ್‌ನ ಮಗ ರಣರಂಗದಲ್ಲಿ ಸಿಂಹದಂತೆ ಕಾದಾಡಿ ಸೆರೆಯಾದ.’ ಇಲ್ಲ. ಅವನು ಕುದುರೆ ಮೇಯಿಸುತ್ತಿದ್ದ. ಮುಂದಿರ್‌ನ ಜನ ದಿಢೀರನೆ ಎರಗಿ ಹಿಡಿದರು, ಮುಂದಿರ್ ಅವನನ್ನು ದೇವಿಗೆ ಬಲಿ ಕೊಟ್ಟ. ‘ಸಿಂಹದಂತೆ’ ಎಂದ ಕೂಡಲೇ ಆ ಹುಡುಗ ಕಣ್ಮರೆಯಾಗಿಬಿಟ್ಟ, ಅಲ್ವಾ?

ಪತ್ರಿಕೆಗೆ ಸೇರಿದ ಹೊಸತರಲ್ಲಿ ನಾನೂ ಒಂದು ಕೋಟೆ ಮುತ್ತಿಗೆಯ ಬಗ್ಗೆ ಬರೆದಿದ್ದೆ. ಖಡ್ಗಗಳ ಖಣಖಣವೇ ಆರು ಪುಟ. ನಮ್ಮ ಹಿರಿಯ ಸಂಪಾದಕರು ನಾಲ್ಕು ಪುಟಕ್ಕೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ‘ಕುದುರೆಗಳಿಗೆ ಹುಲ್ಲು ಎಲ್ಲಿಂದ ಬಂತು?’ ಎಂದು ಬರೆದಿದ್ದರು. ಉತ್ತರ ಹುಡುಕುತ್ತಾ ನಾಲ್ಕು ದಿನ ಗ್ರಂಥಾಲಯದಲ್ಲಿ ಕೂತೆ. ಆ ಕೋಟೆ ಬಿದ್ದದ್ದೇ ಮೇವು ಮುಗಿದು ಎಂದು ಆಗ ಗೊತ್ತಾಯಿತು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಕೊನೆಯಲ್ಲಿ ಮುಂದಿರ್ ಸಾಯುವ ಭಾಗ ಈಗ ಮುಟ್ಟಬೇಡಿ. ಹುಡುಗ ಕುದುರೆ ಬಿಟ್ಟುಕೊಂಡು ನಿಂತಿದ್ದ ಆ ಬಯಲಿನಿಂದ ಕಥೆ ಶುರು ಮಾಡಿ ಕಳಿಸಿ. ಬಂದ ದಿನವೇ ಓದುತ್ತೇನೆ.