ಹಳೇ ಹಾಡಿನಲ್ಲಿ ಹೆಸರಿಲ್ಲದೆ ಕೇಳುವ ದನಿ ಪ್ರಸಿದ್ಧ ಗಾಯಕಿಯದ್ದೇ ಅಂತ ಪತ್ತೆ ಮಾಡುವುದು ಹೇಗೆ?

ಮುಂಬೈಯ ಮಾಟುಂಗಾದ ನಮ್ಮ ಕನ್ನಡ ಗೆಳೆಯರಲ್ಲೂ ಹಳೇ ಹಿಂದಿ ಹಾಡುಗಳ ಬಗ್ಗೆ ಈ ವಾದ ಮುಗಿಯುವುದೇ ಇಲ್ಲ. ದನಿ ಹೋಲುತ್ತದೆ ಅಂತ ಸುಮ್ನೆ ನಂಬಬೇಡಿ. ಸುಮನ್ ಕಲ್ಯಾಣಪುರ ಹಾಡಿದ್ದನ್ನು ಲತಾ ಹಾಡಿದ್ದು ಅಂದುಕೊಂಡವರು ಕಡಿಮೆಯೇ?

ಮೊದಲು ರೆಕಾರ್ಡಿನ ಲೇಬಲ್ ನೋಡಿ. ಚೋರ್ ಬಜಾರ್‌ನಲ್ಲಿ ಹಳೇ ರೆಕಾರ್ಡುಗಳು ಸಿಗುತ್ತವೆ (ಚೌಕಾಸಿ ಮಾಡಲು ಗೊತ್ತಿರಬೇಕು, ಅಷ್ಟೇ). ಆದರೆ ಲೇಬಲ್ಲೂ ಪೂರ್ತಿ ಸತ್ಯ ಹೇಳುವುದಿಲ್ಲ. 1949ರ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ರೆಕಾರ್ಡಿನ ಮೇಲಿದ್ದದ್ದು ಗಾಯಕಿಯ ಹೆಸರಲ್ಲ, ಪಾತ್ರದ ಹೆಸರು: ಕಾಮಿನಿ. ಹಾಡಿದ್ದು ಯಾರು ಅಂತ ಕೇಳುಗರು ರೇಡಿಯೋದವರ ಬೆನ್ನು ಬಿದ್ದ ಮೇಲೆಯೇ ಲತಾ ಹೆಸರು ಹೊರಬಂತು.

ಹಾಗಾಗಿ ಟೈಟಲ್ ಕಾರ್ಡ್, ಚಿತ್ರದ ಹಾಡಿನ ಪುಸ್ತಕವನ್ನೂ ತಾಳೆ ಹಾಕಿ. ಕೋರಸ್ ಆದರೆ ಕಷ್ಟ. ಅವರ ಹೆಸರು ಬರೆಯುತ್ತಿದ್ದುದೇ ಅಪರೂಪ. ಅಲ್ಲಿ ಸಂಗೀತ ನಿರ್ದೇಶಕರ ಹಳೇ ಸಂದರ್ಶನಗಳೇ ಗತಿ.